ಅಂಚೆಯಲ್ಲಿ ಹೋಗಿ ಬಂದ ಹತ್ತು ಹಾಡುಗಳು: ‘ಗಿವ್ ಅಪ್’ ಆಲ್ಬಮ್ ಕುರಿತು ಒಂದು ಚರ್ಚೆ

ಎಡದಂಡೆ, ಕೊಪ್ಪಳ

ಎಲ್ಲರಿಗೂ ನಮಸ್ಕಾರ. ಕೊಪ್ಪಳದಿಂದ ಬೆಂಗಳೂರಿಗೆ ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಓಡಾಡುವವರಿಗೆಲ್ಲ ಗೊತ್ತಿರುವ ಒಂದು ಗಳಿಗೆಯಿದೆ. ಮುನಿರಾಬಾದ್ ದಾಟಿ ರೈಲು ತುಂಗಭದ್ರೆಯ ಸೇತುವೆಗೆ ಬಂದ ಕೂಡಲೇ, ಅಲ್ಲಿಯವರೆಗೆ ನೆಲಕ್ಕೆ ಅಂಟಿಕೊಂಡಂತಿದ್ದ ಗಾಲಿಗಳ ಸದ್ದು ಒಮ್ಮೆಲೇ ಟೊಳ್ಳಾಗಿ, ಅಗಲವಾಗಿ, ಕೆಳಗಿನಿಂದ ಎದ್ದು ಬರತೊಡಗುತ್ತದೆ. ಊರು ಹಿಂದೆ ಉಳಿಯಿತು ಎಂದು ಮನಸ್ಸಿಗೆ ಖಾತ್ರಿಯಾಗುವುದು ಆಗಲೇ. ಬೆಂಗಳೂರಿನಲ್ಲಿ ಕೆಲಸಕ್ಕಿದ್ದ ಆರು ವರ್ಷ ನಾನು ತಿಂಗಳಿಗೊಮ್ಮೆಯಾದರೂ ಆ ಸೇತುವೆಯನ್ನು ಕಿವಿಯಲ್ಲಿ ಒಂದೇ ಆಲ್ಬಮ್ ಇಟ್ಟುಕೊಂಡು ದಾಟಿದ್ದೇನೆ. ‘ದ ಪೋಸ್ಟಲ್ ಸರ್ವಿಸ್’ ಎಂಬ ಅಮೆರಿಕದ ತಂಡದ ‘ಗಿವ್ ಅಪ್’ ಅದು. ಇಂಡಿ ಎಲೆಕ್ಟ್ರಾನಿಕ್ ಪಾಪ್ ಎಂದು ಕರೆಯುವ ಬಗೆಯ, ಅಂದರೆ ದೊಡ್ಡ ಕಂಪನಿಗಳ ಹೊರಗೆ, ಯಂತ್ರಗಳ ಸ್ವರದಿಂದ ಕಟ್ಟುವ ಸಂಗೀತ. 2003ರ ಫೆಬ್ರುವರಿಯಲ್ಲಿ ಸಿಯಾಟಲ್ ನಗರದ ‘ಸಬ್ ಪಾಪ್’ ಎಂಬ ಸಣ್ಣ ಕಂಪನಿಯಿಂದ ಹೊರಬಂತು. ಹತ್ತು ಹಾಡುಗಳು, ಮುಕ್ಕಾಲು ಗಂಟೆಯ ಕೇಳುವಿಕೆ.

ಇದನ್ನು ಮಾಡಿದವರು ಮುಖ್ಯವಾಗಿ ಇಬ್ಬರು. ಜಿಮ್ಮಿ ಟ್ಯಾಂಬೊರೆಲ್ಲೊ ಎಂಬುವರು ಲಾಸ್ ಏಂಜಲೀಸ್‌ನಲ್ಲಿದ್ದುಕೊಂಡು ‘ಡಿಂಟೆಲ್’ ಎಂಬ ಹೆಸರಿನಲ್ಲಿ ಯಂತ್ರಗಳ ಮೇಲೆ ಸಂಗೀತ ಕಟ್ಟುತ್ತಿದ್ದವರು. ಬೆನ್ ಗಿಬ್ಬಾರ್ಡ್ ಎಂಬುವರು ‘ಡೆತ್ ಕ್ಯಾಬ್ ಫಾರ್ ಕ್ಯೂಟಿ’ ಎಂಬ ಗಿಟಾರ್ ತಂಡದ ಗಾಯಕರಾಗಿ ಉತ್ತರದ ಸಿಯಾಟಲ್‌ನಲ್ಲಿದ್ದರು. 2001ರಲ್ಲಿ ಬಂದ ಡಿಂಟೆಲ್ ಆಲ್ಬಮ್‌ನ ಒಂದು ಹಾಡಿಗೆ ಗಿಬ್ಬಾರ್ಡ್ ದನಿ ಕೊಟ್ಟಿದ್ದು ಇಬ್ಬರಿಗೂ ಎಷ್ಟು ಹಿಡಿಸಿತೆಂದರೆ, ಇಡೀ ಆಲ್ಬಮ್ ಒಟ್ಟಿಗೆ ಮಾಡೋಣ ಎಂಬ ಮಾತು ಅಲ್ಲಿಂದಲೇ ಹುಟ್ಟಿತು. ಎರಡು ಊರುಗಳ ನಡುವೆ ರಸ್ತೆಯ ಲೆಕ್ಕದಲ್ಲಿ ಸುಮಾರು 1,800 ಕಿಲೋಮೀಟರ್ ದೂರ. ಟ್ಯಾಂಬೊರೆಲ್ಲೊ ವಾದ್ಯಭಾಗವನ್ನು ಸಿದ್ಧಮಾಡಿ ಅಂಚೆಗೆ ಹಾಕುತ್ತಿದ್ದರು. ಗಿಬ್ಬಾರ್ಡ್ ಅದನ್ನು ಕತ್ತರಿಸಿ ಜೋಡಿಸಿ, ಮಾತು ಬರೆದು, ಹಾಡಿ, ಮತ್ತೆ ಅಂಚೆಗೆ ಹಾಕುತ್ತಿದ್ದರು. ತಂಡಕ್ಕೆ ಆ ಹೆಸರು ಬಂದದ್ದು ಹೀಗೆ.

ಈ ಕತೆಯನ್ನು ಬಹಳ ಜನ ಒಂದು ಸ್ವಾರಸ್ಯದ ಸಂಗತಿಯಾಗಿ ಹೇಳಿ ಮುಂದೆ ಹೋಗುತ್ತಾರೆ. ನನಗೆ ಹಾಗೆ ಮುಂದೆ ಹೋಗಲು ಆಗುವುದಿಲ್ಲ, ಏಕೆಂದರೆ ಆ ದೂರವು ಹಾಡುಗಳ ಒಳಗೇ ಕೇಳಿಸುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಒಂದೇ ಕೋಣೆಯಲ್ಲಿ ಕುಳಿತು ನುಡಿಸುವವರು ಒಬ್ಬರನ್ನೊಬ್ಬರು ನೋಡಿ ಲಯವನ್ನು ಹಿಗ್ಗಿಸುತ್ತಾರೆ, ಕುಗ್ಗಿಸುತ್ತಾರೆ, ಗಾಯಕ ಉಸಿರು ಎಳೆದುಕೊಂಡರೆ ತಬಲಾದವನು ಕಾಯುತ್ತಾನೆ. ಇಲ್ಲಿ ತಾಳ ಹೊಡೆಯುವ ಯಂತ್ರ, ಡ್ರಮ್ ಮಷಿನ್, ಯಾರಿಗೂ ಕಾಯುವುದಿಲ್ಲ. ಗಾಯಕ ಇನ್ನೂ ಹಾಡನ್ನೇ ಬರೆಯದಿದ್ದಾಗ ಸಿದ್ಧವಾದ ಬೀಟ್ ಅದು. ಅದರ ಮೇಲೆ ಗಿಬ್ಬಾರ್ಡ್ ಅವರ ದನಿ, ಯಾವ ಬಿಗುಮಾನವೂ ಇಲ್ಲದ, ಪಕ್ಕದಲ್ಲಿ ಕುಳಿತು ಸುಖದುಃಖ ಹೇಳಿಕೊಳ್ಳುವ ಹುಡುಗನ ದನಿ, ಒಂಟಿಯಾಗಿ ನಡೆಯುತ್ತದೆ. ಬೀಟ್ ಒಂದು ಊರಿನಲ್ಲಿದೆ, ದನಿ ಇನ್ನೊಂದು ಊರಿನಲ್ಲಿದೆ. ಎರಡರ ನಡುವಿನ ಆ ತೆರವೇ ಈ ಆಲ್ಬಮ್‌ನ ಜೀವ.

ಮೊದಲ ಹಾಡನ್ನೇ ನೋಡಿ. ‘ದ ಡಿಸ್ಟ್ರಿಕ್ಟ್ ಸ್ಲೀಪ್ಸ್ ಅಲೋನ್ ಟುನೈಟ್.’ ಡಿಸ್ಟ್ರಿಕ್ಟ್ ಎಂದರೆ ಜಿಲ್ಲೆಯೆಂದೇ ನಾನು ಬಹುಕಾಲ ತಿಳಿದಿದ್ದೆ. ಅದು ಅಮೆರಿಕದ ರಾಜಧಾನಿ ವಾಷಿಂಗ್ಟನ್ ಡಿ.ಸಿ. ಎಂದು ಆಮೇಲೆ ತಿಳಿಯಿತು. ತನ್ನನ್ನು ಬಿಟ್ಟು ಆ ನಗರಕ್ಕೆ ಹೋಗಿ ನೆಲೆಸಿದ ಹುಡುಗಿಯನ್ನು ನೋಡಲು ಹೋದವನು, ಅವಳ ಮನೆಯ ಕೀಲಿಕೈ ಕೈಯಲ್ಲಿದ್ದರೂ, ತಾನಿಲ್ಲಿ ಬಂದು ಹೋಗುವವನು ಮಾತ್ರ ಎಂದು ಎದುರಾದವರಿಗೆ ವಿವರಿಸಬೇಕಾದ ಸ್ಥಿತಿ ಆ ಹಾಡಿನಲ್ಲಿದೆ. ಬಾಡಿಗೆ ಮನೆಯ ಕೆಳಗೆ ಕಾವಲುಗಾರನು ‘ಯಾರ ಮನೆಗೆ’ ಎಂದು ಕೇಳಿದಾಗ, ಅದೇ ಮನೆಯಲ್ಲಿ ಮೂರು ವರ್ಷದಿಂದ ಇದ್ದ ನಾನು ತಡವರಿಸಿದ್ದುಂಟು. ಗುಳೆ ಎಂಬ ಮಾತು ನಮ್ಮ ಕಡೆ ಹೊಲಗೂಲಿಗಳಿಗೆ ಮಾತ್ರ ಬಳಕೆಯಾಗುತ್ತದೆ. ಕಂಪ್ಯೂಟರ್ ಮುಂದೆ ಕೂರಲು ಹೋದ ನಮ್ಮದೂ ಒಂದು ಬಗೆಯ ಗುಳೆಯೇ ಎಂದು ನನಗೆ ಅನ್ನಿಸಿದ್ದು ಈ ಹಾಡಿನಿಂದ. ಮೊದಲು ಮೆಲ್ಲಗೆ, ಹಾರ್ಮೋನಿಯಂನ ಎಳೆದ ಸ್ವರವನ್ನು ನೆನಪಿಸುವಂತೆ ತೊಡಗುವ ಹಾಡು, ಕೊನೆಯ ಭಾಗದಲ್ಲಿ ಚುರುಕಾದ ಬೀಟ್‌ಗೆ ಹೊರಳಿ, ಬಿಟ್ಟುಹೋಗಲು ತಕ್ಕವನು ನಾನೇ ಎಂಬ ಅರ್ಥದ ಸಾಲನ್ನು ಮತ್ತೆ ಮತ್ತೆ ಹೇಳುತ್ತದೆ. ದುಃಖದ ಮಾತು ಹೇಳುವಾಗ ಲಯ ಜೋರಾಗುವುದು ಏಕೆ ಎಂದು ಯೋಚಿಸಿದ್ದೇನೆ. ರೈಲು ಹೊರಟುಬಿಟ್ಟಿದೆ ಎಂಬುದೇ ನನಗೆ ಹೊಳೆದ ಉತ್ತರ.

ಈ ಆಲ್ಬಮ್ ಕೇಳಿದವರು ಕೊಪ್ಪಳ, ರಾಯಚೂರು, ಬಳ್ಳಾರಿ ಈ ನಮ್ಮ ಮೂರು ಜಿಲ್ಲೆಗಳಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.

ಮೈಕ್‌ಸೆಟ್, ಸಿಂಧನೂರು

ಎಡದಂಡೆ ಸರ್, ತಾವು ಬರೆದದ್ದನ್ನು ಓದಿ ಬಹಳ ಸಂತೋಷವಾಯಿತು. ನಾನು ಮದುವೆ, ಜಾತ್ರೆಗಳಿಗೆ ಮೈಕ್‌ಸೆಟ್ ಹಾಕುವ ಕೆಲಸದವನು. ಹೊಸ ಸ್ಪೀಕರ್ ಬಂದಾಗಲೆಲ್ಲ ಅದನ್ನು ಪರೀಕ್ಷಿಸಲು ನಾನು ಹಾಕುವ ಮೂರು ಹಾಡುಗಳಲ್ಲಿ ಈ ಆಲ್ಬಮ್‌ನ ಎರಡನೆಯ ಹಾಡು ‘ಸಚ್ ಗ್ರೇಟ್ ಹೈಟ್ಸ್’ ಒಂದು. ಕಾರಣ ಹೇಳುತ್ತೇನೆ. ಹಾಡು ತೊಡಗುವಾಗ ಸಣ್ಣ ಸಣ್ಣ ಬಿಂದುಗಳಂಥ ಸ್ವರಗಳು ಎಡಕ್ಕೊಂದು, ಬಲಕ್ಕೊಂದು ಚಿಮ್ಮುತ್ತವೆ. ಸ್ಟೀರಿಯೊ ತಂತಿಗಳನ್ನು ಸರಿಯಾಗಿ ಕೊಟ್ಟಿದ್ದರೆ ನಡುವೆ ನಿಂತವನ ತಲೆಯ ಸುತ್ತ ಆ ಸ್ವರಗಳು ಓಡಾಡುತ್ತವೆ. ಒಂದು ತಂತಿ ತಪ್ಪಿದ್ದರೂ ಆ ಸೊಗಸು ಉಳಿಯುವುದಿಲ್ಲ, ಯಾರೋ ಒಂದೇ ಕಡೆ ನಿಂತು ಕಾಳು ಎಸೆದಂತೆ ಕೇಳುತ್ತದೆ.

ಆ ಹಾಡಿನ ಮಾತುಗಳನ್ನು ನನ್ನ ತಂಗಿಯಿಂದ ಬಿಡಿಸಿ ಕೇಳಿದ ಮೇಲೆ ನನಗೆ ಇನ್ನಷ್ಟು ಪ್ರೀತಿ ಹುಟ್ಟಿತು. ದೂರದಲ್ಲಿರುವ ಪ್ರಿಯತಮೆಗೆ ಆತ ಈ ಹಾಡನ್ನು ಫೋನಿನ ಸಂದೇಶ ಹಿಡಿಯುವ ಯಂತ್ರಕ್ಕೆ ಹಾಡಿ ಕಳಿಸಲು ನೋಡುತ್ತಾನೆ. ಆದರೆ ಫೋನಿನ ಮೂಲಕ ಹೋಗುವಾಗ ಬೀಟ್ ಸೊರಗಿ ತೆಳುವಾಗಿಬಿಡುತ್ತದೆ. ಅದನ್ನು ಅವನು ಒಪ್ಪುವುದಿಲ್ಲ. ಕಾರಿನ ಕಿಟಕಿ ಇಳಿಸಿಕೊಂಡು ಮನೆಯ ದಾರಿ ಹಿಡಿದಾಗ ಅವಳಿಗೆ ಅತಿ ಕೀರಲಾದ ಸ್ವರವೂ ಅತಿ ಕೆಳಗಿನ ಸ್ವರವೂ ಪೂರ್ತಿಯಾಗಿ ಕೇಳಿಸಬೇಕು ಎಂದು ಹಟ ಹಿಡಿಯುತ್ತಾನೆ. ಪ್ರೇಮದ ಹಾಡಿನ ನಡುವೆ ಒಬ್ಬ ಗಾಯಕ ಧ್ವನಿಯ ಗುಣಮಟ್ಟದ ಬಗ್ಗೆ ಇಷ್ಟು ಕಾಳಜಿಯಿಂದ ಮಾತನಾಡಿದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ. ನನ್ನ ಕಸುಬಿನವರಿಗೆ ಅದು ಎದೆಗೆ ತಾಗುವ ಮಾತು. ಹೇಳಬೇಕಾದದ್ದು ಅವಳಿಗೆ ತಲುಪಿದರೆ ಸಾಲದು, ಕೆಡದೆ ತಲುಪಬೇಕು ಎಂಬುದು ಅವನ ಕಳಕಳಿ.

ಆದ್ದರಿಂದ ಹೊಸದಾಗಿ ಕೇಳುವವರಲ್ಲಿ ನನ್ನದೊಂದು ವಿನಂತಿ. ಮೊಬೈಲ್‌ನ ಸ್ಪೀಕರ್‌ನಲ್ಲಿ ಇದನ್ನು ಕೇಳಬೇಡಿ. ಕಡಿಮೆ ಬೆಲೆಯದಾದರೂ ಚಿಂತೆಯಿಲ್ಲ, ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ಕೇಳಿ. ಎಂಟನೆಯ ಹಾಡು ‘ದಿಸ್ ಪ್ಲೇಸ್ ಈಸ್ ಎ ಪ್ರಿಸನ್’ ಬಂದಾಗ ಮಾತ್ರ ದನಿಯನ್ನು ಸ್ವಲ್ಪ ತಗ್ಗಿಸಿ, ಏಕೆಂದರೆ ಅದರಲ್ಲಿ ಬೇಸ್, ಅಂದರೆ ಕೆಳಗಿನ ಸ್ವರ, ಬೇಕೆಂದೇ ಒಡೆದು ಗೊರಗೊರ ಎನ್ನುವಂತೆ ಇಟ್ಟಿದ್ದಾರೆ. ಸ್ಪೀಕರ್ ಹರಿಯಿತೇನೋ ಎಂದು ನಾನೇ ಮೊದಲ ಸಲ ಗಾಬರಿಯಾಗಿ ಡಬ್ಬಿ ಬಿಚ್ಚಿ ನೋಡಿದ್ದೆ.

ಕೋಟೆಗುಡ್ಡ, ಬಳ್ಳಾರಿ

ಎಡದಂಡೆಯವರ ಬರಹದ ಬಗ್ಗೆ ಗೌರವವಿಟ್ಟುಕೊಂಡೇ ನನ್ನ ಭಿನ್ನಾಭಿಪ್ರಾಯವನ್ನು ದಾಖಲಿಸುತ್ತೇನೆ. ನಾನು ಬೆಳೆದದ್ದು ರಂಗಗೀತೆ, ತತ್ವಪದಗಳ ನಡುವೆ. ಬಳ್ಳಾರಿಯ ರಾಘವ ಕಲಾಮಂದಿರದಲ್ಲಿ ನಾಟಕ ನೋಡುತ್ತ ದೊಡ್ಡವನಾದವನಿಗೆ, ಪೆಡಲ್ ಹಾರ್ಮೋನಿಯಂ ನುಡಿಸುವ ಮಾಸ್ತರರು ನಟನ ಬಾಯಿಯನ್ನೇ ನೋಡುತ್ತ ಸ್ವರ ಕೊಡುವುದು ಸಂಗೀತದ ಮೂಲ ಗುಣ ಎನ್ನಿಸುತ್ತದೆ. ಕಾಯದಿರುವ ಬೀಟ್ ಎಂದು ತಾವು ಮೆಚ್ಚಿಕೊಂಡದ್ದನ್ನೇ ನಾನು ಕೊರತೆಯೆಂದು ಕಾಣುತ್ತೇನೆ. ಮನುಷ್ಯ ಮನುಷ್ಯನಿಗೆ ಕಾಯುವುದೇ ಸಂಗೀತವಲ್ಲವೇ? ಇನ್ನೊಂದು ಮಾತು, ಇದರ ಸೊಬಗಿನ ಬಹುಪಾಲು ಇಂಗ್ಲಿಷ್ ಮಾತುಗಳಲ್ಲಿದೆಯೆಂದು ತಾವಿಬ್ಬರೂ ಬರೆದದ್ದರಿಂದಲೇ ತಿಳಿಯುತ್ತದೆ. ಹಾಗಿದ್ದರೆ ಭಾಷೆ ಬಾರದವರಿಗೆ ಇದರಲ್ಲಿ ಉಳಿಯುವುದೇನು? ನಾನು ಎರಡು ಹಾಡು ಕೇಳಿದೆ. ಅಚ್ಚುಕಟ್ಟಾಗಿವೆ. ಅದಕ್ಕಿಂತ ಹೆಚ್ಚಿನದು ಸದ್ಯಕ್ಕೆ ನನಗೆ ಸಿಕ್ಕಿಲ್ಲ.

ಎಡದಂಡೆ, ಕೊಪ್ಪಳ

ಕೋಟೆಗುಡ್ಡ ಸರ್, ತಮ್ಮ ಪ್ರಶ್ನೆ ನ್ಯಾಯವಾದದ್ದು, ಹಗುರವಾಗಿ ಉತ್ತರಿಸಲಾರೆ. ನಮ್ಮ ಕಡೆಯ ಅಲಾಯಿ ಹಬ್ಬವನ್ನು, ಅಂದರೆ ಮೊಹರಂ ಅನ್ನು, ನೆನಪಿಸಿಕೊಳ್ಳಿ. ಹಲಗೆಯವರು ಒಂದೇ ಪೆಟ್ಟನ್ನು ಹಿಡಿದರೆ ಕುಣಿಯುವವರು ದಣಿಯುವವರೆಗೂ ಅದನ್ನು ಬದಲಿಸುವುದಿಲ್ಲ. ಹೆಜ್ಜೆ ಆ ಪೆಟ್ಟಿಗೆ ಕಟ್ಟುಬಿದ್ದಿರುತ್ತದೆ. ಆದರೆ ಕರ್ಬಲಾದ ಕತೆ ಹೇಳುವ ರಿವಾಯತ್ ಪದದ ಹಾಡುಗಾರ ಆ ಬದಲಾಗದ ಪೆಟ್ಟಿನ ಮೇಲೆ ನಿಂತೇ ಗಂಟಲು ಬಿಗಿದು, ಎಳೆದು, ತಡೆದು ಅಳಲು ತೋಡಿಕೊಳ್ಳುತ್ತಾನೆ. ತತ್ವಪದದ ಏಕತಾರಿಯೂ ಹಾಗೆಯೇ, ಒಂದೇ ತಂತಿ, ಒಂದೇ ಸ್ವರ. ಅದು ಬದಲಾಗುವುದಿಲ್ಲವೆಂಬ ಧೈರ್ಯದಿಂದಲೇ ಹಾಡುಗಾರ ದೂರ ಹೋಗಿ ಬರುತ್ತಾನೆ. ಕಾಯುವ ಲಯಕ್ಕೆ ಒಂದು ಸುಖವಿದ್ದರೆ, ಕಾಯದ ಲಯದ ಎದುರು ನಿಂತ ದನಿಗೆ ಬೇರೊಂದು ನೋವಿದೆ ಎಂಬುದಷ್ಟೇ ನನ್ನ ಮಾತು.

ಭಾಷೆಯ ಬಗ್ಗೆ ತಾವು ಹೇಳಿದ್ದನ್ನು ಅರ್ಧ ಒಪ್ಪುತ್ತೇನೆ. ಆದರೂ ಹತ್ತನೆಯ ಹಾಡು ‘ನ್ಯಾಚುರಲ್ ಆ್ಯಂಥಮ್’ ಒಂದನ್ನು ತಾಳ್ಮೆಯಿಂದ ಕೇಳಿ ನೋಡಿ. ಬಹುಪಾಲು ಮಾತೇ ಇಲ್ಲದ ಹಾಡು ಅದು.

ಕೃಷ್ಣೆ ಸೀಮೆಯವಳು, ರಾಯಚೂರು

ಎಡದಂಡೆ ಅಣ್ಣನವರೇ, ನೀವು ಹೇಳಿದ ಅಂಚೆಯ ಸಂಗತಿಯನ್ನು ಓದುತ್ತಿದ್ದಂತೆ ನಮ್ಮ ಮನೆಯ ಕಬ್ಬಿಣದ ಪೆಟ್ಟಿಗೆ ನೆನಪಾಗಿ, ಬರೆಯದೆ ಇರಲಾಗಲಿಲ್ಲ.

ನಾನು ಚಿಕ್ಕವಳಿದ್ದಾಗ ಅಪ್ಪಾಜಿ ಕೊಲ್ಲಿ ದೇಶದಲ್ಲಿ ದುಡಿಯುತ್ತಿದ್ದರು. ಅಮ್ಮನಿಗೆ ಓದು ಬಾರದು. ಕಾಗದ ಬಂದರೆ ಪಕ್ಕದ ಮನೆಯ ಮಾಸ್ತರರಿಂದ ಓದಿಸಬೇಕು. ಗಂಡನ ಮಾತನ್ನು ಇನ್ನೊಬ್ಬರ ಬಾಯಿಂದ ಕೇಳುವುದು ಅವಳಿಗೆ ಸಂಕೋಚದ ಸಂಗತಿಯಾಗಿತ್ತು. ಅದಕ್ಕೆ ಅಪ್ಪಾಜಿ ಒಂದು ಉಪಾಯ ಮಾಡಿ, ಅರವತ್ತು ನಿಮಿಷದ ಖಾಲಿ ಕ್ಯಾಸೆಟ್‌ನಲ್ಲಿ ಮಾತನಾಡಿ ಕಳಿಸತೊಡಗಿದರು. ಒಂದು ಬದಿ ಅವರದು, ಇನ್ನೊಂದು ಬದಿಯನ್ನು ಖಾಲಿ ಬಿಡುತ್ತಿದ್ದರು. ಅಮ್ಮ ಅಡುಗೆಮನೆಯ ಬಾಗಿಲು ಹಾಕಿಕೊಂಡು, ಟೇಪ್‌ರೆಕಾರ್ಡರ್‌ನ ಕೆಂಪು ಗುಂಡಿ ಒತ್ತಿ, ಆ ಖಾಲಿ ಬದಿಯಲ್ಲಿ ತನ್ನ ಮಾತು ತುಂಬಿಸಿ ತಿರುಗಿ ಕಳಿಸುತ್ತಿದ್ದಳು. ಅಪ್ಪಾಜಿಯ ಬದಿಯಲ್ಲಿ ಮಾತಿನ ಹಿಂದೆ ಸದಾ ಏಸಿಯ ಗುಂಯ್‌ಗುಡುವಿಕೆ ಇರುತ್ತಿತ್ತು. ಅಮ್ಮನ ಬದಿಯಲ್ಲಿ ಸೀಮೆಎಣ್ಣೆ ಸ್ಟೌವಿನ ಸದ್ದು. ದೊಡ್ಡವಳಾದ ಮೇಲೆ ಆ ಕ್ಯಾಸೆಟ್‌ಗಳಲ್ಲಿ ಒಂದನ್ನು ಕೇಳಿದಾಗ ಅಪ್ಪಾಜಿ ಆಡಿದ ಮಾತಿಗಿಂತ, ಮಾತು ನಿಂತಾಗ ಕೇಳುವ ಆ ಏಸಿಯ ಸದ್ದೇ ಅವರು ಎಷ್ಟು ದೂರವಿದ್ದರೆಂಬುದನ್ನು ನನಗೆ ತಿಳಿಸಿತು. ‘ಗಿವ್ ಅಪ್’ ಆಲ್ಬಮ್‌ನಲ್ಲಿ ಬೀಟ್ ಒಂದು ಊರಿನಲ್ಲಿದೆ, ದನಿ ಇನ್ನೊಂದು ಊರಿನಲ್ಲಿದೆ ಎಂದು ನೀವು ಬರೆದದ್ದು ನನಗೆ ಹೀಗೆ ಅರ್ಥವಾಯಿತು.

ನಾನು ಹೇಳಬೇಕೆಂದಿರುವುದು ನಾಲ್ಕನೆಯ ಹಾಡಿನ ಬಗ್ಗೆ, ಏಕೆಂದರೆ ಇಲ್ಲಿಯವರೆಗೆ ಬರೆದವರೆಲ್ಲ ಗಂಡಿನ ದನಿಯನ್ನಷ್ಟೇ ಕೇಳಿಸಿಕೊಂಡಿದ್ದಾರೆ. ‘ನಥಿಂಗ್ ಬೆಟರ್’ ಯುಗಳಗೀತೆ. ಅದರಲ್ಲಿ ಹೆಣ್ಣಿನ ಭಾಗವನ್ನು ಜೆನ್ ವುಡ್ ಎಂಬ ಗಾಯಕಿ ಹಾಡಿದ್ದಾರೆ. ಆಲ್ಬಮ್‌ನ ಬೇರೆ ಹಾಡುಗಳಲ್ಲಿ ಜೆನ್ನಿ ಲೂಯಿಸ್ ಎಂಬುವರ ದನಿಯೂ ಇದೆ. ಮೊದಲು ಗಂಡು ತನ್ನ ಎದೆಯ ಗಾಯಕ್ಕೆ ಯಾರಾದರೂ ವೈದ್ಯರನ್ನು ಕರೆಯಿರಿ ಎಂದು ಗೋಳಾಡುತ್ತಾನೆ, ನಿನ್ನನ್ನು ಮದುವೆಯಾಗಿ ಜೊತೆಯಲ್ಲೇ ಮುಪ್ಪಾಗುವುದಕ್ಕಿಂತ ಮಿಗಿಲಾದುದು ಏನೂ ಇಲ್ಲ ಎನ್ನುತ್ತಾನೆ. ಬೇರೆ ಹಾಡಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಕೇಳುವವರೆಲ್ಲ ಅವನಿಗಾಗಿ ಮರುಗಿ ಎದ್ದು ಹೋಗುತ್ತಿದ್ದರು. ಇಲ್ಲಿ ಹೆಣ್ಣು ನಡುವೆ ಬಾಯಿಹಾಕುತ್ತಾಳೆ. ನಿನ್ನ ಬಗ್ಗೆ ನೀನೇ ಮರುಗುತ್ತಿದ್ದೀಯೆ, ನಡೆದದ್ದನ್ನು ನಿನಗೆ ಬೇಕಾದಂತೆ ತಿದ್ದಿ ಹೇಳುತ್ತಿದ್ದೀಯೆ ಎಂದು ಸಮಾಧಾನದಿಂದಲೇ ತಿಳಿಸುತ್ತಾಳೆ. ನಾನು ಏಕೆ ಹೊರಡಲೇಬೇಕು ಎಂಬುದನ್ನು ನಕ್ಷೆ, ಪಟ್ಟಿ ಬರೆದಿಟ್ಟುಕೊಂಡು ಪಾಠದಂತೆ ಸಿದ್ಧಮಾಡಿದ್ದೇನೆ ಎನ್ನುತ್ತಾಳೆ. ಶಾಲೆಯಲ್ಲಿ ಗಣಿತ ಕಲಿಸುವ ನನಗೆ ಆ ಸಾಲು ಮೊದಲ ಸಲ ಕೇಳಿದಾಗ ಮೈ ಜುಮ್ಮೆಂದಿತ್ತು. ಬಿಟ್ಟುಹೋಗುವ ಹೆಣ್ಣು ಎಂದರೆ ಕಲ್ಲೆದೆಯವಳು ಎಂದು ಚಿತ್ರಿಸುವುದು ಎಲ್ಲ ಭಾಷೆಯ ಹಾಡುಗಳಲ್ಲೂ ನಡೆದುಬಂದ ರೂಢಿ. ಇಲ್ಲಿ ಅವಳು ಯೋಚಿಸಿ, ಲೆಕ್ಕಹಾಕಿ, ಬಹಳ ದಿನ ತಡೆದುಕೊಂಡ ಮೇಲೆ ಮಾತನಾಡುತ್ತಿರುವವಳು. ಅವಳ ಮಾತಿಗೂ ಹಾಡಿನಲ್ಲಿ ಇಷ್ಟು ಜಾಗ ಕೊಟ್ಟದ್ದನ್ನು ಗಮನಿಸಿದರೆ, ತನ್ನ ವಿರುದ್ಧದ ಸಾಕ್ಷಿಯನ್ನೂ ಕೇಳಿಸುವಷ್ಟು ಪ್ರಾಮಾಣಿಕತೆ ಗಿಬ್ಬಾರ್ಡ್ ಅವರಲ್ಲಿತ್ತು ಎನ್ನಬೇಕು.

ಕೊನೆಯಲ್ಲಿ ಇಬ್ಬರ ದನಿಯೂ ಒಂದರ ಮೇಲೊಂದು ಬರುತ್ತವೆ. ಇಬ್ಬರೂ ತಮ್ಮ ತಮ್ಮ ಮಾತನ್ನೇ ಹಾಡುತ್ತಿರುತ್ತಾರೆ, ಆದರೂ ಸ್ವರ ಕೂಡುತ್ತದೆ.

ನಿವೃತ್ತ ಟಪಾಲು, ಬಳ್ಳಾರಿ

ಅಂಚೆಯ ಮಾತು ಬಂದದ್ದರಿಂದ ಈ ಮುದುಕನೂ ನಾಲ್ಕು ಮಾತು ಬರೆಯಲು ಅನುಮತಿ ಕೋರುತ್ತೇನೆ. ನಾನು ಅಂಚೆ ಇಲಾಖೆಯಲ್ಲಿ ಮೂವತ್ತೆರಡು ವರ್ಷ ಸೇವೆ ಸಲ್ಲಿಸಿದವನು. ಈ ಆಲ್ಬಮ್ ನನಗೆ ಪರಿಚಯವಾದದ್ದು ಮೊಮ್ಮಗನಿಂದ. ತಂಡದ ಹೆಸರು ನೋಡಿ, ತಾತಾ ಇದು ನಿಮ್ಮ ಇಲಾಖೆಯವರ ಹಾಡು ಎಂದು ನಗುತ್ತ ಕಿವಿಗೆ ಹಾಕಿದ.

ಹಾಡುಗಳನ್ನು ನಾನು ತಮ್ಮೆಲ್ಲರಷ್ಟು ಬಿಡಿಸಿ ಕೇಳಲಾರೆ. ಆದರೆ ಆ ಯಂತ್ರದ ಬೀಟ್ ನನಗೆ ಅಪರಿಚಿತವೆನಿಸಲಿಲ್ಲ. ಬೆಳಗಿನ ಟಪಾಲು ಚೀಲ ಬಿಚ್ಚಿದ ಮೇಲೆ ಕಾಗದಗಳಿಗೆ ದಿನಾಂಕದ ಠಸ್ಸೆ ಹೊಡೆಯುವ ಕೆಲಸವಿರುತ್ತಿತ್ತು. ಬಲಗೈಯಲ್ಲಿ ಠಸ್ಸೆ, ಎಡಗೈಯಲ್ಲಿ ಕಾಗದಗಳ ಕಟ್ಟು. ಶಾಯಿಯ ಪ್ಯಾಡಿಗೊಂದು ಪೆಟ್ಟು, ಲಕೋಟೆಗೊಂದು ಪೆಟ್ಟು. ಪ್ಯಾಡಿನ ಪೆಟ್ಟು ಮೆತ್ತಗೆ, ಲಕೋಟೆಯದು ಗಡುಸು. ಎರಡು ಮೂರು ಜನ ಕುಳಿತು ಹೊಡೆಯುವಾಗ ಯಾರೂ ಹೇಳಿಕೊಡದೆಯೇ ಒಂದು ತಾಳ ಕೂಡಿಬಿಡುತ್ತಿತ್ತು. ಯಾವ ಲಕೋಟೆಯಲ್ಲಿ ಮದುವೆಯ ಸುದ್ದಿಯಿದೆ, ಯಾವುದರಲ್ಲಿ ಸಾವಿನ ಸುದ್ದಿಯಿದೆ ಎಂಬುದು ನಮಗೆ ತಿಳಿಯದು. ಪೆಟ್ಟು ಎರಡಕ್ಕೂ ಒಂದೇ. ಕೋಟೆಗುಡ್ಡದವರು ಕಾಯದ ಬೀಟ್‌ನಲ್ಲಿ ಮನುಷ್ಯರಿಲ್ಲ ಎಂದರು. ನಾನು ನಮ್ರವಾಗಿ ಹೇಳುವುದೇನೆಂದರೆ, ಆ ಬದಲಾಗದ ಪೆಟ್ಟಿನ ಹಿಂದೆಯೂ ಮನುಷ್ಯರೇ ಇದ್ದೆವು, ಮತ್ತು ನಮ್ಮ ಪೆಟ್ಟು ಎಲ್ಲ ಕಾಗದಕ್ಕೂ ಒಂದೇ ಆಗಿದ್ದದ್ದರಿಂದಲೇ ಕಾಗದಗಳು ಹೊತ್ತಿಗೆ ಸರಿಯಾಗಿ ಬಟವಾಡೆಗೆ ಹೋಗುತ್ತಿದ್ದವು.

ಹೆಸರಿನ ವಿಷಯದಲ್ಲಿ ಒಂದು ಸಂಗತಿ ಇದುವರೆಗೆ ಯಾರೂ ಬರೆದಿಲ್ಲವಾದ್ದರಿಂದ ತಿಳಿಸುತ್ತೇನೆ. ಅಮೆರಿಕದ ಸರ್ಕಾರಿ ಅಂಚೆ ಇಲಾಖೆಯ ಹೆಸರಿನಲ್ಲೂ ಇದೇ ಪದಗಳಿವೆಯಷ್ಟೇ. ಆಲ್ಬಮ್ ಬಂದ 2003ರಲ್ಲಿಯೇ ಆ ಇಲಾಖೆ, ಇದು ನಮ್ಮ ನೋಂದಾಯಿತ ಹೆಸರು, ಬಳಸುವುದನ್ನು ನಿಲ್ಲಿಸಿರಿ ಎಂದು ನೋಟಿಸು ಕಳಿಸಿತು. ವ್ಯಾಜ್ಯ ನ್ಯಾಯಾಲಯದ ಕಟ್ಟೆ ಹತ್ತಿ ವರ್ಷಗಟ್ಟಲೆ ಎಳೆಯಬಹುದಿತ್ತು. ಹಾಗಾಗಲಿಲ್ಲ. ಹೆಸರನ್ನು ಬಳಸಲು ಇಲಾಖೆ ಪರವಾನಗಿ ಕೊಟ್ಟಿತು, ತಂಡದವರು ಅಂಚೆಯ ಬಳಕೆಗೆ ಪ್ರಚಾರ ನೀಡಲು ಒಪ್ಪಿದರು. ಅಂಚೆ ಇಲಾಖೆಯೇ ತನ್ನ ಜಾಲತಾಣದಲ್ಲಿ ಈ ಆಲ್ಬಮ್‌ನ ಸಿ.ಡಿ.ಗಳನ್ನು ಮಾರಿತು. 2004ರಲ್ಲಿ ಇಲಾಖೆಯ ಹಿರಿಯ ಅಧಿಕಾರಿಗಳ ವಾರ್ಷಿಕ ಸಮಾವೇಶದಲ್ಲಿ ತಂಡದವರು ಹೋಗಿ ಹಾಡಿಯೂ ಬಂದರು. ಜನರು ಕಾಗದ ಬರೆಯುವುದನ್ನು ಬಿಡುತ್ತಿದ್ದ ಆ ಕಾಲದಲ್ಲಿ, ಇಬ್ಬರು ಹುಡುಗರು ಅಂಚೆಯ ಮೇಲೆ ಭಾರ ಹಾಕಿ ಒಂದು ಕೆಲಸ ಮಾಡಿ ಮುಗಿಸಿದರೆಂಬುದನ್ನು ಅಧಿಕಾರಿಗಳು ಗುರುತಿಸಿದ್ದು ನನಗೆ ಬಹಳ ಹಿತವಾಯಿತು. ಕೃಷ್ಣೆ ಸೀಮೆಯ ತಂಗಿಯವರು ಬರೆದಂಥ ಕ್ಯಾಸೆಟ್‌ಗಳ ಲಕೋಟೆಗಳು ನನ್ನ ಕೈಯಿಂದಲೂ ಎಷ್ಟೋ ಹಾದುಹೋಗಿವೆ. ಅಲುಗಿಸಿದರೆ ಒಳಗೆ ಗಲಗಲ ಎನ್ನುತ್ತಿದ್ದವು. ಅವುಗಳ ಮೇಲೆ ಠಸ್ಸೆ ಹೊಡೆಯುವಾಗ ಮಾತ್ರ ನಾವು ಕೈಯನ್ನು ಹಗುರ ಮಾಡುತ್ತಿದ್ದೆವು.

ಕೋಟೆಗುಡ್ಡ, ಬಳ್ಳಾರಿ

ಹಿರಿಯರ ಮಾತಿಗೆ ತಲೆಬಾಗುತ್ತೇನೆ. ಠಸ್ಸೆಯ ಮಾತು ಓದಿದ ಮೇಲೆ ಪೂರ್ತಿ ಆಲ್ಬಮ್ ಕೇಳದೆ ತೀರ್ಪು ಕೊಟ್ಟದ್ದು ತಪ್ಪೆನಿಸಿ, ನಿನ್ನೆ ಸಂಜೆ ಕೋಟೆ ಗುಡ್ಡದ ಮೆಟ್ಟಿಲು ಹತ್ತಿ, ಮೇಲೆ ಕುಳಿತು ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಕೆಳಗೆ ಊರಿನಲ್ಲಿ ದೀಪಗಳು ಹತ್ತುತ್ತಿದ್ದವು. ಬಿಸಿಲಿನ ಝಳ, ದೂಳು, ಗಾಡಿಗಳ ಗದ್ದಲ ಒಂದೂ ಅಲ್ಲಿಗೆ ತಲುಪುವುದಿಲ್ಲ. ಬಳ್ಳಾರಿ ಅಷ್ಟು ಚೊಕ್ಕವಾಗಿ ಕಾಣುವುದು ಅಲ್ಲಿಂದ ಮಾತ್ರ. ‘ಸಚ್ ಗ್ರೇಟ್ ಹೈಟ್ಸ್’ ಹಾಡಿನಲ್ಲಿ, ದೂರದಿಂದ ನೋಡಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ ಎಂಬ ಅರ್ಥದ ಸಾಲು ಬಂದಾಗ ನಾನು ಹಾಡನ್ನು ನಿಲ್ಲಿಸಿ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಕೆಳಗೆ ನಿಂತವರು ಇಳಿದು ಬನ್ನಿ ಎಂದು ಕರೆಯುತ್ತಿದ್ದಾರೆ, ಮೇಲಿರುವ ಇಬ್ಬರು ಇಳಿಯಲು ಒಲ್ಲೆವೆನ್ನುತ್ತಾರೆ. ಅದನ್ನು ಪ್ರೇಮದ ಸಂಭ್ರಮವೆಂದೇ ತೆಗೆದುಕೊಳ್ಳಬಹುದು. ಆದರೆ ಇಳಿದರೆ ಏನಾಗುತ್ತದೆಂದು ಅವರಿಗೂ ಗೊತ್ತಿದೆ ಎಂಬ ಸಣ್ಣ ಭಯ ಆ ಸ್ವರದಲ್ಲಿ ನನಗೆ ಕೇಳಿಸಿತು.

ಇದೇ ಹಾಡನ್ನು ‘ಐರನ್ ಅಂಡ್ ವೈನ್’ ಎಂಬ ಹೆಸರಿನಲ್ಲಿ ಹಾಡುವ ಸ್ಯಾಮ್ ಬೀಮ್ ಅವರು ಬರಿಯ ಗಿಟಾರ್ ಇಟ್ಟುಕೊಂಡು ಪಿಸುದನಿಯಲ್ಲಿ ಹಾಡಿದ್ದಾರೆ. 2004ರ ‘ಗಾರ್ಡನ್ ಸ್ಟೇಟ್’ ಚಿತ್ರದಲ್ಲಿ ಅದು ಸೇರಿದ್ದರಿಂದ ಬಹಳ ಜನರಿಗೆ ಈ ಹಾಡು ಮೊದಲು ತಲುಪಿದ್ದು ಆ ರೂಪದಲ್ಲಿ. ಯಂತ್ರವಿಲ್ಲದ ರೂಪವೇ ನನಗೆ ಹೆಚ್ಚು ಹಿಡಿಸೀತು ಎಂದುಕೊಂಡು ಅದನ್ನೂ ಕೇಳಿದೆ. ಮಧುರವಾಗಿದೆ, ಆದರೆ ಅಲ್ಲಿ ಹಾಡುಗಾರ ಪಕ್ಕದಲ್ಲೇ ಇದ್ದಾನೆ. ದೂರ ಕಳೆದುಹೋಗಿದೆ. ಎಡದಂಡೆಯವರು ಹೇಳಿದ ತೆರವು ಎಂಥದು ಎಂದು ನನಗೆ ತಿಳಿದದ್ದು ಅದು ಇಲ್ಲದ ಕಡೆ.

ಎಲ್ಲವನ್ನೂ ಮೆಚ್ಚಿದೆ ಎಂದರೆ ಸುಳ್ಳಾಗುತ್ತದೆ. ‘ಸ್ಲೀಪಿಂಗ್ ಇನ್’ ಹಾಡಿನ ಕನಸುಗಳು ಸರಳವಾಗಿಬಿಟ್ಟಿವೆ. ‘ಕ್ಲಾರ್ಕ್ ಗೇಬಲ್’ ಹಾಡಿನಲ್ಲಿ ಹಳೆಯ ಗೆಳತಿಯನ್ನು ಕರೆದು ಕ್ಯಾಮೆರಾ ಮುಂದೆ ಪ್ರೀತಿಯನ್ನು ಅಭಿನಯಿಸೋಣ ಎನ್ನುವ ಕಲ್ಪನೆ ಚೆನ್ನಾಗಿದ್ದರೂ ಲಯ ಅದಕ್ಕೆ ತಕ್ಕಂತೆ ಬೆಳೆಯುವುದಿಲ್ಲ. ಏಳನೆಯ ಹಾಡು ‘ವೀ ವಿಲ್ ಬಿಕಮ್ ಸಿಲೂಯೆಟ್ಸ್’ ಮಾತ್ರ ನನ್ನನ್ನು ಹಿಡಿದು ನಿಲ್ಲಿಸಿತು. ಅಣುಬಾಂಬ್ ಬಿದ್ದ ಮೇಲೆ ಡಬ್ಬಿಯ ಆಹಾರ ಕೂಡಿಟ್ಟುಕೊಂಡು ಮನೆಯೊಳಗೆ ಒಬ್ಬನೇ ಉಳಿದವನು, ಹೊರಗಿನ ಗಾಳಿ ಸೋಕಿದರೆ ಮೈಯೇ ಸಿಡಿದುಹೋದೀತು ಎಂದು, ಮಕ್ಕಳು ಕೈಹಿಡಿದು ಸುತ್ತುವ ಆಟಕ್ಕೆ ಹಾಡಬಹುದಾದಂಥ ಧಾಟಿಯಲ್ಲಿ ಹಾಡುತ್ತಾನೆ. ಬಯಲಾಟದಲ್ಲಿ ರಾಕ್ಷಸನ ಪ್ರವೇಶಕ್ಕೆ ಕುಣಿತದ ಮಟ್ಟು ಹಾಕುವುದನ್ನು ನೋಡಿ ಬೆಳೆದವನಿಗೆ ಇದು ಹೊಸದಲ್ಲ, ಆದರೂ ಬೆವರು ಬಂತು.

ಮೈಕ್‌ಸೆಟ್, ಸಿಂಧನೂರು

ಕೋಟೆಗುಡ್ಡ ಸರ್ ಗುಡ್ಡ ಹತ್ತಿ ಕೇಳಿದ್ದಕ್ಕೆ ನನ್ನ ನಮಸ್ಕಾರಗಳು. ಈ ಆಲ್ಬಮ್ ನಿಧಾನವಾಗಿ ಕೈಯಿಂದ ಕೈಗೆ ದಾಟಿ ಬೆಳೆದದ್ದು ಎಂಬುದನ್ನು ಸೇರಿಸಬೇಕು. 2005ರ ಹೊತ್ತಿಗೆ ಅಮೆರಿಕದಲ್ಲಿ ಐದು ಲಕ್ಷ ಪ್ರತಿಗಳ ಗಡಿ ಮುಟ್ಟಿತು, 2012ರಲ್ಲಿ ಹತ್ತು ಲಕ್ಷದ ಮನ್ನಣೆ ಪಡೆಯಿತು. ಸಬ್ ಪಾಪ್ ಕಂಪನಿಯ ಇತಿಹಾಸದಲ್ಲಿ ‘ನಿರ್ವಾಣ’ ತಂಡದ ಮೊದಲ ಆಲ್ಬಮ್ ‘ಬ್ಲೀಚ್’ ಬಿಟ್ಟರೆ ಹೆಚ್ಚು ಮಾರಾಟವಾದದ್ದು ಇದೇ. ಇಷ್ಟಾದರೂ ಅವರು ಎರಡನೆಯ ಆಲ್ಬಮ್ ಮಾಡಲೇ ಇಲ್ಲ. 2013ರಲ್ಲಿ ಹತ್ತು ವರ್ಷ ತುಂಬಿದಾಗ ಎರಡು ಹೊಸ ಹಾಡು ಸೇರಿಸಿ ಮರುಬಿಡುಗಡೆ ಮಾಡಿ, ಊರೂರು ತಿರುಗಿ ಹಾಡಿದರು; 2023ರಲ್ಲಿ ಇಪ್ಪತ್ತು ತುಂಬಿದಾಗ, ಡೆತ್ ಕ್ಯಾಬ್ ತಂಡದ ‘ಟ್ರಾನ್ಸಟ್ಲಾಂಟಿಸಿಸಂ’ ಆಲ್ಬಮ್‌ಗೂ ಅದೇ ವಯಸ್ಸಾದ್ದರಿಂದ, ಎರಡನ್ನೂ ಒಂದೇ ವೇದಿಕೆಯಲ್ಲಿ ಪೂರ್ತಿ ನುಡಿಸಿದರು. ಇನ್ನೊಂದು ಆಲ್ಬಮ್ ಬರಬೇಕಿತ್ತು ಎಂದು ನಾನು ಬಹಳ ವರ್ಷ ಹಂಬಲಿಸಿದ್ದೆ. ಈಗ ಹಂಬಲವಿಲ್ಲ. ಇವತ್ತು ಮಾಡಿದರೆ ಫೈಲುಗಳು ಕ್ಷಣದಲ್ಲಿ ಹೋಗಿ ಬರುತ್ತವೆ. ಲಕೋಟೆ ಅಂಚೆಯಲ್ಲಿದ್ದ ದಿನಗಳಲ್ಲಿ ಆಚೆಯವನು ಏನು ಮಾಡಿರಬಹುದು ಎಂದು ಈಚೆಯವನು ಯೋಚಿಸುತ್ತ ಕಳೆದ ಹೊತ್ತು ಆ ಹಾಡುಗಳಲ್ಲಿ ಬೆರೆತಿದೆ, ಅದನ್ನು ಮತ್ತೆ ತರಲಾಗದು.

ಕೃಷ್ಣೆ ಸೀಮೆಯ ಅಕ್ಕನವರೇ, ತಮ್ಮ ಮನೆಯ ಕ್ಯಾಸೆಟ್‌ಗಳು ಈಗ ಯಾವ ಸ್ಥಿತಿಯಲ್ಲಿವೆ? ನನ್ನ ಅಂಗಡಿಯಲ್ಲಿ ಚೆನ್ನಾಗಿ ನಡೆಯುವ ಒಂದು ಹಳೆಯ ಕ್ಯಾಸೆಟ್ ಡೆಕ್ ಇದೆ, ಟೇಪ್ ಓದುವ ಹೆಡ್ ಸ್ವಚ್ಛವಾಗಿದೆ. ತಾವು ಒಪ್ಪಿದರೆ ಎರಡೂ ಬದಿಗಳನ್ನು ಕಂಪ್ಯೂಟರ್‌ಗೆ ಇಳಿಸಿಕೊಡುತ್ತೇನೆ, ಹಣ ಬೇಡ. ಹಿಂದಿನ ಸದ್ದನ್ನು ತೆಗೆದು ಶುದ್ಧಮಾಡುವ ಸಾಫ್ಟ್‌ವೇರ್ ನನ್ನಲ್ಲಿದೆ, ಆದರೆ ತಾವು ಬರೆದದ್ದನ್ನು ಓದಿದ ಮೇಲೆ ಏಸಿಯ ಸದ್ದನ್ನಾಗಲಿ, ಸ್ಟೌವಿನ ಸದ್ದನ್ನಾಗಲಿ ನಾನು ಮುಟ್ಟುವುದಿಲ್ಲ.

ಕೃಷ್ಣೆ ಸೀಮೆಯವಳು, ರಾಯಚೂರು

ಮೈಕ್‌ಸೆಟ್ ತಮ್ಮನವರೇ, ಏನು ಬರೆಯಬೇಕೋ ತಿಳಿಯುತ್ತಿಲ್ಲ. ಹನ್ನೊಂದು ಕ್ಯಾಸೆಟ್ ಉಳಿದಿವೆ. ಎರಡರಲ್ಲಿ ರೀಲು ಸಿಕ್ಕುಬಿದ್ದಿದೆ. ಅಮ್ಮನನ್ನು ಕೇಳಿದೆ, ತನ್ನ ಬದಿಯನ್ನು ಯಾರೂ ಕೇಳಬಾರದು, ಇಳಿಸುವಾಗ ದನಿ ಸಣ್ಣದು ಮಾಡಿ ಇಡಲಿ ಎಂದಳು. ಹಾಗೆ ಮಾಡಲು ಸಾಧ್ಯವಿದ್ದರೆ ಕಳಿಸುತ್ತೇನೆ. ಖುದ್ದಾಗಿ ತರಲು ಶಾಲೆಗೆ ರಜೆಯಿಲ್ಲ.

ಮೈಕ್‌ಸೆಟ್, ಸಿಂಧನೂರು

ಅಕ್ಕನವರೇ, ಇಳಿಸುವಾಗ ಸ್ಪೀಕರ್ ಪೂರ್ತಿ ಬಂದ್ ಮಾಡಿ, ಮೀಟರ್‌ನ ಮುಳ್ಳು ಆಡುವುದನ್ನಷ್ಟೇ ನೋಡುತ್ತೇನೆ. ಅಮ್ಮನವರಿಗೆ ನನ್ನ ಮಾತೆಂದು ತಿಳಿಸಿ.

ನಿವೃತ್ತ ಟಪಾಲು, ಬಳ್ಳಾರಿ

ತಂಗೀ, ಕ್ಯಾಸೆಟ್‌ಗಳನ್ನು ಬರಿಯ ಲಕೋಟೆಯಲ್ಲಿ ಹಾಕಬೇಡಿ. ಪ್ರತಿಯೊಂದರ ಎರಡು ಹಲ್ಲುಗಾಲಿಗಳ ತೂತಿನಲ್ಲಿ ಕಾಗದದ ಸುರುಳಿ ಸಿಕ್ಕಿಸಿದರೆ ದಾರಿಯಲ್ಲಿ ರೀಲು ಸಡಿಲಾಗುವುದಿಲ್ಲ. ಆಮೇಲೆ ಹಳೆಯ ಹತ್ತಿ ಬಟ್ಟೆಯಲ್ಲಿ ಸುತ್ತಿ, ರಟ್ಟಿನ ಡಬ್ಬಿಯಲ್ಲಿಟ್ಟು, ಅಲುಗಿಸಿದರೆ ಸದ್ದು ಬಾರದಂತೆ ಸಂದುಗಳಿಗೆ ಕಾಗದ ತುಂಬಿ, ನಾಲ್ಕೂ ಅಂಚಿಗೆ ಟೇಪ್ ಹಾಕಿ. ವಿಳಾಸವನ್ನು ಎರಡು ಕಡೆ ಬರೆಯಿರಿ, ಡಬ್ಬಿಯ ಒಳಗೊಂದು ಚೀಟಿಯಲ್ಲೂ ಬರೆದಿಡಿ. ಹನ್ನೊಂದನ್ನೂ ಒಟ್ಟಿಗೆ ಕಳಿಸಬೇಡಿ. ಮೊದಲು ಒಂದನ್ನು ಕಳಿಸಿ, ಅದು ಮುಟ್ಟಿತೆಂದು ಅವರು ತಿಳಿಸಿದ ಮೇಲೆ ಉಳಿದವನ್ನು ಸ್ಪೀಡ್ ಪೋಸ್ಟ್ ಮಾಡಿ.